ಎರಡನೇ ಪ್ರೊಸೆಸರ್ ಹಾಕಿದ ಮೇಲೂ ಕಾಯುವುದು ತಪ್ಪಲಿಲ್ಲ

ಮುಂಬಯಿಯ ಮಾಟುಂಗಾದಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕಿರುಚುತ್ತಿದೆ, ದೂರ ಹಿಡಿಯುತ್ತೇನೆ.

ಒಂದೇ ಪ್ರೊಸೆಸರ್ (ಸಿಪಿಯು, ಲೆಕ್ಕ ಮಾಡುವ ಚಿಪ್) ಇರುವ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡಿಸುವ ಕಂಪ್ಯೂಟರಿಗೆ ಇನ್ನೊಂದು ಪ್ರೊಸೆಸರ್ ಸೇರಿಸುವ ಬಗ್ಗೆ ಮಾತಾಡಿ ಅಂದರು. ಇದೇನು ಅಜ್ಜನ ಕಾಲದ ವಿಷಯ ಅಂತ ಹಿಂದಿನ ಸಾಲಿನ ಹುಡುಗರು ನಗುತ್ತಿರುವುದು ಕಾಣುತ್ತಿದೆ. ಹೌದಪ್ಪಾ, ನಿಮ್ಮ ಜೇಬಿನ ಫೋನಿನಲ್ಲೇ ಎಂಟು ಕೋರ್ ಇದೆ, ಎಂಟು ಪ್ರೊಸೆಸರ್ ಇದ್ದ ಹಾಗೆ. ಆದರೆ ನಿಮ್ಮಲ್ಲೇ ಕೆಲವರು ಆಫೀಸಿನಲ್ಲಿ ಕ್ಲೌಡ್ ಮಷೀನಿಗೆ ಒಂದಿದ್ದ ಸಿಪಿಯು ನಾಲ್ಕು ಮಾಡುತ್ತೀರಿ, ಬಿಲ್ಲು ಏರುತ್ತದೆ, ಕೆಲಸ ಮಾತ್ರ ಮೊದಲಿನಷ್ಟೇ ನಿಧಾನ. ನಾನು ಅದೇ ತಪ್ಪನ್ನು 2000ನೇ ಇಸವಿಯಲ್ಲಿ ಮಾಡಿದೆ. ಸ್ಕ್ರೂಡ್ರೈವರ್ ಹಿಡಿದು ಮಾಡಿದೆ, ಅಷ್ಟೇ ವ್ಯತ್ಯಾಸ.

ಆಗ ನಾನು ಅಂಧೇರಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಸುಮಾರು ನಲವತ್ತು ಜನ. ಎಲ್ಲರಿಗೂ ಸೇರಿ ಒಂದೇ ಸರ್ವರ್. ಮೇಲ್ ಅದರಲ್ಲೇ, ಫೈಲುಗಳು ಅದರಲ್ಲೇ, ಇಂಟರ್ನೆಟ್‌ಗೆ ಹೋಗುವ ದಾರಿಯೂ ಅದರಲ್ಲೇ. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ 6.2. ಪ್ರೋಗ್ರಾಮುಗಳಿಗೂ ಯಂತ್ರಕ್ಕೂ ನಡುವೆ ನಿಂತು ಎಲ್ಲ ನಡೆಸುವ ಅದರ ತಿರುಳು, ಅಂದರೆ ಕರ್ನಲ್, 2.2. ಒಂದು ಪೆಂಟಿಯಂ ಥ್ರೀ, 600 ಮೆಗಾಹರ್ಟ್ಸ್. ಮದರ್‌ಬೋರ್ಡಿನಲ್ಲಿ ಮಾತ್ರ ಎರಡು ಸ್ಲಾಟ್ ಇದ್ದವು. ಕೊಳ್ಳುವಾಗ "ಮುಂದೆ ಬೇಕಾದರೆ ಇನ್ನೊಂದು ಹಾಕಬಹುದು" ಅಂತ ಯಾರೋ ತಲೆ ಓಡಿಸಿದ್ದರು. ಹೊಸ ಮನೆ ಕಟ್ಟುವಾಗ ಮೇಲೆ ಕಬ್ಬಿಣದ ಸರಳು ಬಿಟ್ಟಿರುತ್ತಾರಲ್ಲ, ಹಾಗೆ.

ಬೆಳಗ್ಗೆ ಹತ್ತು ಗಂಟೆಗೆ ಎಲ್ಲರೂ ಬಂದು ಮೇಲ್ ತೆರೆದರೆ ಮಷೀನ್ ಏದುಸಿರು ಬಿಡುತ್ತಿತ್ತು. ‘ಟಾಪ್’ ಎಂಬ ಕಮಾಂಡ್ ಹಾಕಿ ನೋಡಿದೆ. ಪ್ರೊಸೆಸರ್ ಪೂರ್ತಿ ತುಂಬಿದೆ, ಬಿಡುವು ಸೊನ್ನೆ. ಲೋಡ್ ಆವರೇಜ್, ಅಂದರೆ ಸರತಿಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆ, ಆರು, ಏಳು. ಇನ್ನೇನು ಬೇಕು? ಪ್ರೊಸೆಸರ್ ಸಾಲುತ್ತಿಲ್ಲ ಅಂತ ಬಾಸ್‌ಗೆ ಹೇಳಿದೆ. ಅವರು ಸುಮ್ನೆ ಒಪ್ಪುವವರಲ್ಲ. ಆ ವಾರ ಅವರದೇ ಮೇಲ್ ಎರಡು ಸಲ ನಿಂತಿತ್ತು, ಅದಕ್ಕೇ ಒಪ್ಪಿದರು.

ಗ್ರಾಂಟ್ ರೋಡಿನಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಮಳೆಗಾಲ. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಚೀಲ, ಚೀಟಿಯಲ್ಲಿ ಒಂದು ಸಾಲು. ಆ ಸಾಲನ್ನು ನಾನು ಪ್ರೊಸೆಸರಿನ ವಿವರ ಹೇಳುವ, ‘ಪ್ರಾಕ್’ ಫೋಲ್ಡರಿನ ‘ಸಿಪಿಯುಇನ್ಫೋ’ ಫೈಲಿನಿಂದ ಬರೆದುಕೊಂಡಿದ್ದೆ. ಫ್ಯಾಮಿಲಿ 6, ಮಾಡೆಲ್ 7. ಈ ಚೀಟಿಯೇ ನನ್ನನ್ನು ಉಳಿಸಿತು. ಅಂಗಡಿಯವನು 600 ಮೆಗಾಹರ್ಟ್ಸಿನ ಪೆಂಟಿಯಂ ಥ್ರೀ ಅಂತಲೇ ಕೊಟ್ಟ. ಡಬ್ಬದ ಮೇಲೆ 600 ಆದಮೇಲೆ ಒಂದು ಇಂಗ್ಲಿಷ್ ‘ಇ’ ಇತ್ತು. ಒಂದೇ ಅಕ್ಷರ. ಆದರೆ ಅದು ಬೇರೆ ಚಿಪ್, ಮಾಡೆಲ್ 8. ನಮ್ಮದರಲ್ಲಿ ಕ್ಯಾಶ್, ಅಂದರೆ ಪ್ರೊಸೆಸರಿನ ಪಕ್ಕದಲ್ಲೇ ಇರುವ ಪುಟ್ಟ ಮೆಮೊರಿ, 512 ಕೆಬಿ, ಅದರಲ್ಲಿ 256. ನಮ್ಮದು ಎರಡು ವೋಲ್ಟಿಗೆ ಸ್ವಲ್ಪ ಮೇಲೆ ಓಡುತ್ತದೆ, ಅದು 1.65ಕ್ಕೆ. ಜೋಡಿ ಎತ್ತು ಕಟ್ಟುವಾಗ ಒಂದು ಎತ್ತು, ಒಂದು ಕರು ಕಟ್ಟಿದ ಹಾಗೆ. ಎರಡು ಪ್ರೊಸೆಸರ್ ಹಾಕುವಾಗ ವೇಗ ಒಂದೇ ಇರಬೇಕು, ಒಳಗಿನ ಪೀಳಿಗೆ ಒಂದೇ ಇರಬೇಕು, ಚಿಪ್ಪಿನ ಪರಿಷ್ಕರಣೆ ತೋರಿಸುವ ಸ್ಟೆಪಿಂಗ್ ಸಂಖ್ಯೆಯೂ ಒಂದೇ ಆದರೆ ಇನ್ನೂ ಒಳ್ಳೆಯದು. ಹೊಸದು ಬಂದ ಮೇಲೆ ಹಳೇ ಮಾಡೆಲ್ ಸಿಗುವುದೇ ಕಷ್ಟ. ಏಳೆಂಟು ಅಂಗಡಿ ಸುತ್ತಿ, ಕೊನೆಗೆ ಒಂದು ಮಹಡಿ ಅಂಗಡಿಯಲ್ಲಿ ಸಿಕ್ಕಿತು. "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬಿಲ್ಲಿನ ಮೇಲೆ ಸೀಲು ಹೊಡೆದೇ ಕೊಟ್ಟರು.

ಶನಿವಾರ ಸಂಜೆ ಮಷೀನ್ ಬಿಚ್ಚಿದೆ. ಖಾಲಿ ಸ್ಲಾಟಿನಲ್ಲಿ ಖಾಲಿ ಜಾಗ ತುಂಬುವ ಒಂದು ಟರ್ಮಿನೇಟರ್ ಕಾರ್ಡ್ ಇತ್ತು. ಅದನ್ನು ತೆಗೆದು ಹೊಸ ಪ್ರೊಸೆಸರ್ ಕೂರಿಸಿ, ಫ್ಯಾನಿನ ವೈರ್ ಹಾಕಿ, ಸ್ವಿಚ್ ಒತ್ತಿದೆ. ಮಷೀನ್ ಶುರುವಾಗುವಾಗ ಬರುವ ಬಯಾಸ್ ಪರದೆಯಲ್ಲಿ ಎರಡೂ ಕಂಡವು. ಲಿನಕ್ಸ್ ಎದ್ದಿತು. ನೋಡಿದರೆ ಒಂದೇ.

ಆಗಿನ ಕರ್ನಲ್ ಹಾಗೆಯೇ. ಒಂದು ಪ್ರೊಸೆಸರಿಗೆ ಒಂದು ಕರ್ನಲ್, ಹಲವಕ್ಕೆ ಬೇರೆ ಕರ್ನಲ್. ಎಸ್‌ಎಂಪಿ ಅಂತ ಕರೆಯುತ್ತಾರೆ. ಎಲ್ಲ ಪ್ರೊಸೆಸರುಗಳೂ ಸರಿಸಮ, ಮೆಮೊರಿ ಎಲ್ಲರಿಗೂ ಒಂದೇ. ರೆಡ್ ಹ್ಯಾಟ್ ಅದನ್ನು ಬೇರೆ ಪ್ಯಾಕೇಜ್ ಮಾಡಿ ಕೊಡುತ್ತಿತ್ತು. ಅದನ್ನೂ ಹಾಕಿದೆ, ಕರ್ನಲನ್ನು ಏಳಿಸುವ ‘ಲಿಲೋ’ದ ಪಟ್ಟಿಯಲ್ಲಿ ಸಾಲು ಸೇರಿಸಿದೆ, ಮತ್ತೆ ಏಳಿಸಿದೆ. ಆಗಲೂ ಒಂದೇ. ಅಂಗಡಿಯವನು ಸತ್ತ ಪ್ರೊಸೆಸರ್ ಕೊಟ್ಟ ಅಂತ ಮನಸ್ಸಿನಲ್ಲೇ ಬೈದೆ. ಪಾಪ, ಅವನದೇನೂ ತಪ್ಪಿಲ್ಲ. ಲಿಲೋದ ಪಟ್ಟಿ ತಿದ್ದಿದರೆ ಸಾಲದು, ತಿದ್ದಿದ ಮೇಲೆ ‘ಲಿಲೋ’ ಕಮಾಂಡನ್ನು ಒಮ್ಮೆ ಓಡಿಸಬೇಕು. ಇಲ್ಲದಿದ್ದರೆ ಡಿಸ್ಕಿನ ಮೊದಲ ತುಂಡಿಗೆ ಹೊಸ ಸುದ್ದಿ ಮುಟ್ಟುವುದೇ ಇಲ್ಲ. ಆ ಕಾಲದಲ್ಲಿ ಲಿನಕ್ಸ್ ಹಿಡಿದವರು ಇಲ್ಲಿ ಯಾರಾದರೂ ಇದ್ದರೆ, ಇದನ್ನು ಒಂದು ಸಲವಾದರೂ ಮರೆತಿರುತ್ತೀರಿ. ನೋಡಿ, ಅಲ್ಲೊಬ್ಬರು ತಲೆ ಆಡಿಸುತ್ತಿದ್ದಾರೆ.

ಮೂರನೇ ಸಲ ಎರಡೂ ಎದ್ದವು. ಆದರೆ ನೆಟ್‌ವರ್ಕ್ ಬಿದ್ದುಹೋಯಿತು. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ನಾನೇ ಕಂಪೈಲ್ ಮಾಡಿದ್ದೆ, ಅಂದರೆ ಕೋಡಿನಿಂದ ಓಡುವ ರೂಪಕ್ಕೆ ತಂದಿದ್ದೆ, ಒಂಟಿ ಪ್ರೊಸೆಸರಿನ ಕರ್ನಲ್‌ಗೆ. ಎರಡರ ಕರ್ನಲ್ ಅದನ್ನು ಒಳಗೆ ಬಿಡಲಿಲ್ಲ. ಬಿಡದಿರುವುದೇ ಒಳ್ಳೆಯದು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಎಸ್‌ಎಂಪಿ ಗುರುತು ಸೇರಿಸಿ ಮತ್ತೆ ಕಂಪೈಲ್ ಮಾಡಿದೆ. ಹಳೇ ಕರ್ನಲನ್ನು ಮಾತ್ರ ಅಳಿಸಲಿಲ್ಲ. ಆ ಒಂದು ಬುದ್ಧಿ ನನಗೆ ಮೊದಲಿನಿಂದಲೂ ಇತ್ತು. ರಾತ್ರಿ ಕೊನೆಯ ಲೋಕಲ್ ಹಿಡಿದು ಮನೆಗೆ ಹೋದೆ.

ಸೋಮವಾರ ಹತ್ತು ಗಂಟೆ. ಮೇಲ್ ಮೊದಲಿನಷ್ಟೇ ನಿಧಾನ.

ನನಗೆ ಕಣ್ಣು ಕತ್ತಲೆ ಬಂತು. ಕರ್ನಲ್ ಕಂಪೈಲ್ ಮಾಡಿ ನೋಡಿದರೆ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಅಂದರೆ ಎರಡೂ ಪ್ರೊಸೆಸರ್ ಕೆಲಸ ಮಾಡುತ್ತಿವೆ. ಆದರೆ ಮೇಲ್ ಎಳ್ಳಷ್ಟೂ ಬದಲಾಗಿಲ್ಲ. ಬಾಸ್ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಇಲ್ಲಿ ಕಥೆ ಸ್ವಲ್ಪ ನಿಲ್ಲಿಸುತ್ತೇನೆ. ಮುಂಬಯಿಗೆ ಬಂದ ಹೊಸತರಲ್ಲಿ ನಾನು ಸಯನ್‌ನಲ್ಲಿ ಸೋದರಮಾವನ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದೆ. ಒಂದು ದೋಸೆ ಕಾವಲಿ, ಒಬ್ಬರು ಭಟ್ರು. ಬೆಳಗ್ಗೆ ಜನ ಜಾಸ್ತಿಯಾಗಿ ಮಾವ ಎರಡನೇ ಕಾವಲಿ ಹಾಕಿಸಿದರು, ಊರಿನಿಂದ ಇನ್ನೊಬ್ಬ ಭಟ್ರನ್ನು ಕರೆಸಿದರು. ಉಗ್ರಾಣದ ಬೀಗದ ಕೈ ಮಾತ್ರ ಒಂದೇ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲಲ್ಲಿ ನಿಂತು "ಆಯ್ತಾ ಮಾರಾಯ್ರೆ? ಆಯ್ತಾ?" ಅಂತ ಕೇಳುತ್ತಲೇ ಇರಬೇಕು. ಎಣ್ಣೆ ತರಲು ಹೋದವರು ಹಿಟ್ಟು ತರಲು ಬಂದವರನ್ನೂ ಕಾಯಿಸುತ್ತಿದ್ದರು.

ಲಿನಕ್ಸ್ ಹಲವು ಪ್ರೊಸೆಸರಿಗೆ ಕಾಲಿಟ್ಟದ್ದು ಇದೇ ರೀತಿ. 1990ರ ದಶಕದ ನಡುವೆ ಲಿನಕ್ಸ್ ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಅಲನ್ ಕಾಕ್ಸ್ ಈ ಕೆಲಸಕ್ಕೆ ಕೈ ಹಾಕಿದರು. ಕಾಲ್ಡೆರಾ ಎಂಬ ಕಂಪನಿ ಅವರಿಗೆ ಎರಡು ಪೆಂಟಿಯಂ ಕೂರುವ ಬೋರ್ಡ್ ಕೊಟ್ಟಿತ್ತು. 1996ರ ಜೂನ್‌ನಲ್ಲಿ ಬಂದ ಲಿನಕ್ಸ್ 2.0ರಲ್ಲಿ ಅದು ಸೇರಿತು. ಮೊದಲ ಉಪಾಯ ತುಂಬಾ ಸರಳ. ಇಡೀ ಕರ್ನಲ್‌ಗೆ ಒಂದೇ ಬೀಗ. ಬಿಗ್ ಕರ್ನಲ್ ಲಾಕ್ ಅಂತಲೇ ಹೆಸರು. ಪ್ರೋಗ್ರಾಂ ತನ್ನ ಲೆಕ್ಕ ತಾನು ಮಾಡುತ್ತಿದ್ದರೆ ಎರಡೂ ಪ್ರೊಸೆಸರ್ ಜೊತೆಯಾಗಿ ಓಡುತ್ತವೆ. ಫೈಲ್ ಓದಬೇಕು, ನೆಟ್‌ವರ್ಕಿಗೆ ಕಳಿಸಬೇಕು ಅಂದ ಕೂಡಲೇ ಕರ್ನಲ್ ಒಳಗೆ ಹೋಗಬೇಕು, ಅಲ್ಲಿ ಒಂದು ಹೊತ್ತಿಗೆ ಒಬ್ಬರೇ. ಬಾಗಿಲಲ್ಲಿ ಕಾಯುವ ಪ್ರೊಸೆಸರ್ ನಿದ್ದೆ ಮಾಡುವುದಿಲ್ಲ. ನಮ್ಮ ಭಟ್ರ ಹಾಗೆ "ಆಯ್ತಾ, ಆಯ್ತಾ" ಅಂತ ತಿರುಗುತ್ತಲೇ ಇರುತ್ತದೆ. ಸ್ಪಿನ್‌ಲಾಕ್ ಅನ್ನುವುದು ಅದಕ್ಕೇ. ತಮಾಷೆ ಏನೆಂದರೆ, ಟಾಪ್‌ನಲ್ಲಿ ನೋಡಿದರೆ ಆ ಪ್ರೊಸೆಸರ್ ಭಾರೀ ದುಡಿಯುತ್ತಿರುವ ಹಾಗೆ ಕಾಣುತ್ತದೆ.

ನಗಬೇಡಿ, ಆ ಒಂದೇ ಬೀಗ ಒಳ್ಳೆಯ ನಿರ್ಧಾರ ಅಂತಲೇ ನನ್ನ ಲೆಕ್ಕ. ಬೀಗ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಅಡುಗೆ ಮನೆಯ ಹಲಗೆಯ ಮೇಲೆ "ವಡೆ 12" ಅಂತ ಬರೆದಿದೆ. ಒಬ್ಬ ಮಾಣಿ ಓದಿದ, 12. ಅದೇ ಕ್ಷಣ ಇನ್ನೊಬ್ಬನೂ ಓದಿದ, 12. ಇಬ್ಬರೂ ಒಂದೊಂದು ವಡೆ ತೆಗೆದರು, ಇಬ್ಬರೂ ಒರೆಸಿ 11 ಅಂತ ಬರೆದರು. ಪಾತ್ರೆಯಲ್ಲಿ ಇರುವುದು 10. ಒಬ್ಬನೇ ಮಾಣಿ ಇದ್ದಾಗ ಈ ತಪ್ಪು ಆಗುವುದೇ ಇಲ್ಲ. ಒಂಟಿ ಪ್ರೊಸೆಸರಿನಲ್ಲಿ ಡ್ರೈವರ್ ಬರೆಯುವವರಿಗೆ ಒಂದು ಸುಲಭ ದಾರಿ ಇತ್ತು. ನಾಜೂಕು ಕೆಲಸ ಮಾಡುವಾಗ ಇಂಟರಪ್ಟ್ ನಿಲ್ಲಿಸಿಬಿಡುವುದು, ಸ್ವಲ್ಪ ಹೊತ್ತು ನನ್ನನ್ನು ಯಾರೂ ಕರೆಯಬೇಡಿ ಅಂತ. ಪಕ್ಕದಲ್ಲಿ ಇನ್ನೊಂದು ಪ್ರೊಸೆಸರ್ ಕೂತರೆ ಅದಕ್ಕೆ ಈ ಮಾತು ಕೇಳುವುದೇ ಇಲ್ಲ, ಅದು ಕೈ ಹಾಕಿಯೇ ಹಾಕುತ್ತದೆ. ಅದಕ್ಕೇ ನನ್ನ ಹಳೇ ಡ್ರೈವರನ್ನು ಕರ್ನಲ್ ಬಾಗಿಲಲ್ಲೇ ತಡೆದದ್ದು. ಬಿಟ್ಟಿದ್ದರೆ ಮೂರು ದಿನ ಓಡಿ ನಾಲ್ಕನೇ ದಿನ ಕಾರಣ ಹೇಳದೆ ನಿಲ್ಲುತ್ತಿತ್ತು. ಹುಡುಕಲಿಕ್ಕೆ ಅದಕ್ಕಿಂತ ಕಷ್ಟದ ತೊಂದರೆ ಇನ್ನೊಂದಿಲ್ಲ.

ಮೊದಲು ಒಂದು ಬೀಗ ಹಾಕಿ ಓಡುವ ಹಾಗೆ ಮಾಡುವುದು, ಆಮೇಲೆ ನಿಧಾನಕ್ಕೆ ಅಕ್ಕಿಗೆ ಬೇರೆ, ಎಣ್ಣೆಗೆ ಬೇರೆ, ಹಾಲಿಗೆ ಬೇರೆ ಬೀಗ ಮಾಡುವುದು. 1999ರ ಜನವರಿಯಲ್ಲಿ ಬಂದ 2.2ರಲ್ಲಿ ಎಷ್ಟೋ ಕಡೆ ಚಿಕ್ಕ ಬೀಗಗಳು ಬಂದವು. 2001ರ 2.4ರಲ್ಲಿ ಇನ್ನಷ್ಟು. ಆ ದೊಡ್ಡ ಬೀಗ ಪೂರ್ತಿ ಹೋದದ್ದು 2011ರ ಮೇ ತಿಂಗಳಲ್ಲಿ, 2.6.39ರಲ್ಲಿ. ಹದಿನೈದು ವರ್ಷ ಹಿಡಿಯಿತು! ಯಾವ ಮೂಲೆಯ ಹಳೇ ಕೋಡ್ ಆ ಬೀಗವನ್ನು ನಂಬಿಕೊಂಡಿದೆ ಅಂತ ಒಂದೊಂದೇ ಹುಡುಕಿ ಬಿಡಿಸಬೇಕಿತ್ತು. ಅವಿಭಕ್ತ ಕುಟುಂಬದ ಆಸ್ತಿ ಪಾಲು ಮಾಡಿದವರಿಗೆ ಇದು ಅರ್ಥವಾಗುತ್ತದೆ.

ಸರತಿ ಸಾಲಿನ ಕಥೆಯೂ ಒಂದಿದೆ, ನನಗೆ ಅದು ಇಷ್ಟ. 2.4ರವರೆಗೆ ಓಡಲು ತಯಾರಾದ ಕೆಲಸಗಳಿಗೆಲ್ಲ ಒಂದೇ ಸಾಲು ಇತ್ತು, ಎಲ್ಲ ಪ್ರೊಸೆಸರುಗಳೂ ಅದರಿಂದಲೇ ಎತ್ತಿಕೊಳ್ಳಬೇಕು. ಯಾವ ಕೆಲಸ ಯಾವಾಗ ಓಡಬೇಕು ಅಂತ ನೋಡಿಕೊಳ್ಳುವ ಭಾಗಕ್ಕೆ ಸ್ಕೆಡ್ಯೂಲರ್ ಅಂತ ಹೆಸರು. ಇಂಗೊ ಮೋಲ್ನಾರ್ ಎಂಬ ಕರ್ನಲ್ ಬರಹಗಾರ ಬರೆದ ಹೊಸ ಸ್ಕೆಡ್ಯೂಲರ್ 2003ರ ಡಿಸೆಂಬರ್‌ನ 2.6ರಲ್ಲಿ ಬಂತು. ಅದರಲ್ಲಿ ಪ್ರತಿ ಪ್ರೊಸೆಸರಿಗೂ ತನ್ನದೇ ಸಾಲು. ಬ್ಯಾಂಕುಗಳು ಮಾಡಿದ್ದು ಇದರ ಉಲ್ಟಾ, ಅಲ್ವಾ? ಕಿಟಕಿಗೊಂದು ಸಾಲು ತೆಗೆದು ಎಲ್ಲರಿಗೂ ಒಂದೇ ಟೋಕನ್ ತಂದರು. ಜನರಿಗೆ ಅದೇ ನ್ಯಾಯ. ಪ್ರೊಸೆಸರಿಗೆ ಯಾಕೆ ಬೇರೆ? ಒಂದೇ ಸಾಲಾದರೆ ಆ ಸಾಲಿಗೂ ಬೀಗ ಬೇಕು, ಮತ್ತೆ ಅಲ್ಲಿ ನೂಕುನುಗ್ಗಲು. ಇನ್ನೊಂದು ಕಾರಣ ಕ್ಯಾಶ್. ಒಂದು ಕೆಲಸ ಒಂದು ಪ್ರೊಸೆಸರಿನಲ್ಲಿ ಓಡುತ್ತಿದ್ದರೆ ಅದಕ್ಕೆ ಬೇಕಾದ ಮಾಹಿತಿ ಅಲ್ಲೇ ಪಕ್ಕದಲ್ಲಿ ಕೂತಿರುತ್ತದೆ. ಕಾವಲಿ ಕಾದಿದೆ, ಎಣ್ಣೆ ಸವರಿದೆ. ಅದೇ ಕೆಲಸವನ್ನು ಪಕ್ಕದ ಪ್ರೊಸೆಸರಿಗೆ ಎತ್ತಿಹಾಕಿದರೆ ತಣ್ಣಗಿನ ಕಾವಲಿ, ಮೊದಲಿನಿಂದ ಕಾಯಿಸಬೇಕು. ಅದಕ್ಕೇ ಸಾಲು ಬೇರೆ ಬೇರೆ. ಒಂದು ಸಾಲು ತೀರಾ ಉದ್ದವಾದರೆ ಮಾತ್ರ ಇನ್ನೊಂದಕ್ಕೆ ಕಳಿಸುವುದು.

ಇಷ್ಟು ತಿಳಿದ ಮೇಲೆ ನನ್ನ ಸರ್ವರಿಗೆ ವಾಪಸ್ ಬರೋಣ. ಬುಧವಾರ ಧಾರವಾಡದ ಕಡೆಯ ಒಬ್ಬ ಅಣ್ಣ ಆಫೀಸಿಗೆ ಬಂದಿದ್ದ. ಬೇರೆ ಕಂಪನಿಯಲ್ಲಿ ನನ್ನದೇ ಕೆಲಸ ಅವನದು. ಟಾಪ್ ತೋರಿಸಿದೆ. ಅವನು ಒಂದು ನಿಮಿಷ ನೋಡಿ ಕೇಳಿದ, "ತುಂಬೇದ ಅನ್ನೋದು ನೋಡೀಯಲ್ಲ, ಯಾವುದರಿಂದ ತುಂಬೇದ ಅಂತ ನೋಡೀ ಏನು?"

ನೋಡಿರಲಿಲ್ಲ. ಟಾಪ್ ಅದನ್ನು ಬಿಡಿಸಿಯೇ ತೋರಿಸುತ್ತದೆ. ಪ್ರೋಗ್ರಾಮುಗಳ ಸ್ವಂತ ಕೆಲಸ ಎಷ್ಟು, ಕರ್ನಲ್ ಕೆಲಸ ಎಷ್ಟು. ನಮ್ಮಲ್ಲಿ ಮೊದಲನೆಯದು ತೀರಾ ಕಡಿಮೆ, ಎರಡನೆಯದೇ ಜಾಸ್ತಿ. ಕರ್ನಲ್ ಏನು ಮಾಡುತ್ತಿತ್ತು? ಡಿಸ್ಕಿಗೆ ಹಮಾಲಿ ಮಾಡುತ್ತಿತ್ತು. ಆಗಿನ ಐಡಿಇ ಡಿಸ್ಕುಗಳಲ್ಲಿ ಎರಡು ದಾರಿ ಇದ್ದವು. ಒಂದರಲ್ಲಿ ಡಿಸ್ಕಿನ ಕಂಟ್ರೋಲರ್ ತಾನೇ ಮಾಹಿತಿಯನ್ನು ಮೆಮೊರಿಗೆ ಹಾಕಿ "ಆಯ್ತು" ಅನ್ನುತ್ತದೆ. ಅದು ಡಿಎಂಎ. ಇನ್ನೊಂದರಲ್ಲಿ ಪ್ರೊಸೆಸರೇ ಕೂತು ಎರಡೆರಡು ಬೈಟ್ ಎತ್ತಿ ಎತ್ತಿ ಹಾಕಬೇಕು. ಅದು ಪಿಐಒ. ನಮ್ಮ ಮಷೀನಿನಲ್ಲಿ ಡಿಎಂಎ ಆಫ್ ಆಗಿತ್ತು. ಹೋಟೆಲ್ ಭಾಷೆಯಲ್ಲಿ ಹೇಳುವುದಾದರೆ, ದೋಸೆ ಹೊಯ್ಯಬೇಕಾದ ಭಟ್ರು ಕೆಳಗಿನಿಂದ ಕೊಡ ಕೊಡ ನೀರು ಹೊರುತ್ತಿದ್ದರು. ನಾನು ಇನ್ನೊಬ್ಬ ಭಟ್ರನ್ನು ಕರೆಸಿದೆ. ನೀರಿನ ನಲ್ಲಿ ಒಂದೇ ಇದ್ದಾಗ ಅವರು ಪಕ್ಕದಲ್ಲಿ ನಿಂತು ಕಾದರು.

ಲೋಡ್ ಆವರೇಜ್ ನನ್ನನ್ನು ಇನ್ನೊಂದು ರೀತಿ ಮೋಸ ಮಾಡಿತ್ತು. ಲಿನಕ್ಸಿನಲ್ಲಿ ಆ ಸಂಖ್ಯೆಗೆ ಪ್ರೊಸೆಸರಿಗಾಗಿ ಕಾಯುವವರು ಮಾತ್ರ ಸೇರುವುದಿಲ್ಲ, ಡಿಸ್ಕಿಗಾಗಿ ಕಾಯುತ್ತಾ ಕೂತವರೂ ಸೇರುತ್ತಾರೆ. ನನ್ನ ಏಳರಲ್ಲಿ ಐದು ಅಂಥವೇ.

‘ಎಚ್‌ಡಿಪಾರ್ಮ್’ ಎಂಬ ಕಮಾಂಡ್, ಡಿಎಂಎ ಆನ್ ಮಾಡಲು ಅದಕ್ಕೊಂದು ‘ಡಿ1’. ಒಂದು ಸಾಲು. ಡಿಸ್ಕಿನಿಂದ ಸೆಕೆಂಡಿಗೆ 4 ಎಂಬಿ ಬರುತ್ತಿದ್ದದ್ದು 14ರ ಹತ್ತಿರ ಹೋಯಿತು. ಮೇಲ್ ಹಗುರಾಯಿತು. ಚಹಾ ಬರುವುದರೊಳಗೆ ಮುಗಿದ ಕೆಲಸ. ಆ ಅಣ್ಣ ಚಹಾ ಕುಡಿದು, ಬಿಸ್ಕೆಟ್ ತಿಂದು, ಒಂದು ಮಾತೂ ಆಡದೆ ಹೋದ. ಸಂಜೆ ಕುತೂಹಲಕ್ಕೆ ಹಳೇ ಒಂಟಿ ಕರ್ನಲ್ ಏಳಿಸಿ ನೋಡಿದೆ. ಒಂದೇ ಪ್ರೊಸೆಸರಿನಲ್ಲೂ ಎಲ್ಲ ಆರಾಮಾಗಿ ಓಡಿತು. ಬಾಸ್‌ಗೆ ಹೇಳಲೇಬೇಕಾಯಿತು. ಅವರು ಕೇಳಿದ್ದು ಒಂದೇ, "ಹಾಗಾದರೆ ಆ ಇನ್ನೊಂದನ್ನು ವಾಪಸ್ ಕೊಡಬಹುದಾ?" ಬಿಲ್ಲಿನ ಸೀಲು ತೋರಿಸಿದೆ.

ಸರಿ, ಈಗಿನ ಕಾಲಕ್ಕೆ ಬರುತ್ತೇನೆ. 2005ರಿಂದ ಮಾಮೂಲಿ ಕಂಪ್ಯೂಟರಿಗೂ ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಬಂದವು. ಪ್ರೊಸೆಸರಿನ ಒಳಗಿನ ಗಡಿಯಾರದ ವೇಗ ಏರಿಸುತ್ತಾ ಹೋದರೆ ಬಿಸಿ ತಡೆಯಲಾಗುತ್ತಿರಲಿಲ್ಲ. ಪೆಂಟಿಯಂ ಫೋರ್ 3.8 ಗಿಗಾಹರ್ಟ್ಸಿಗೇ ನಿಂತಿತು. ಅಲ್ಲಿಂದ ಮುಂದೆ ವೇಗ ಬೇಕಾದರೆ ಪಕ್ಕಕ್ಕೆ ಬೆಳೆಯಬೇಕು. ಈಗ ನಿಮಗೆ ಸಿಗುವ ಲಿನಕ್ಸ್ ಒಂದೇ ಕರ್ನಲ್‌ನಲ್ಲಿ ಒಂದು ಕೋರನ್ನೂ ನೋಡಿಕೊಳ್ಳುತ್ತದೆ, ನೂರನ್ನೂ ನೋಡಿಕೊಳ್ಳುತ್ತದೆ. ಲಿಲೋ ಓಡಿಸಬೇಕಾಗಿಲ್ಲ. ‘ಎನ್‌ಪ್ರಾಕ್’ ಅಂತ ಹೊಡೆದರೆ ಎಷ್ಟಿವೆ ಅಂತ ಹೇಳುತ್ತದೆ. ಟಾಪ್‌ನಲ್ಲಿ 1 ಒತ್ತಿದರೆ ಒಂದೊಂದೂ ಬೇರೆ ಕಾಣುತ್ತದೆ.

ಆದರೆ ಕರ್ನಲ್ ತಯಾರಿದ್ದರೆ ಮೇಲಿನ ಪ್ರೋಗ್ರಾಂ ತಯಾರಿರಬೇಕಲ್ಲ. ಫೈಲ್ ಕುಗ್ಗಿಸುವ ‘ಜಿಜಿಪ್’ ಒಂದೇ ಕೋರ್ ಬಳಸುತ್ತದೆ, ಅದೇ ಕೆಲಸಕ್ಕೆ ‘ಪಿಗ್ಜ್’ ಹಾಕಿದರೆ ಎಲ್ಲವನ್ನೂ ಬಳಸುತ್ತದೆ. ಕಂಪೈಲ್ ಮಾಡಿಸುವ ‘ಮೇಕ್’ಗೆ ‘ಜೆ’ ಕೊಡದಿದ್ದರೆ ಒಂದೊಂದೇ ಫೈಲ್ ಕಂಪೈಲ್ ಆಗುತ್ತದೆ. ವೆಬ್ ಸರ್ವರ್ ಎಂಜಿನೆಕ್ಸ್‌ನಲ್ಲಿ ಕೆಲಸಗಾರರ ಸಂಖ್ಯೆ ನೀವು ಹೇಳದಿದ್ದರೆ ಒಂದೇ. ನಾನು ನೋಡಿದ ಎಷ್ಟೋ ಮಷೀನುಗಳಲ್ಲಿ ಸಿಪಿಯು ನಾಲ್ಕಾಗಿರುತ್ತದೆ, ಸೆಟ್ಟಿಂಗ್ ಫೈಲಿನಲ್ಲಿ ಯಾವುದೋ ಕಾಲದ ಒಂದು ಹಾಗೇ ಕೂತಿರುತ್ತದೆ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಕಥೆಯಂತೂ ನಮ್ಮ ಉಗ್ರಾಣದ ಬೀಗದ್ದೇ. ಒಂದು ಹೊತ್ತಿಗೆ ಪ್ರೋಗ್ರಾಮಿನ ಒಂದೇ ಎಳೆ (ಥ್ರೆಡ್) ಪೈಥಾನ್ ಓಡಿಸಬಹುದು ಎಂಬ ಬೀಗ. ಅದಿಲ್ಲದ ಪೈಥಾನ್ ಪ್ರಯೋಗಕ್ಕೆ ಅಂತ ಬಂದದ್ದು 2024ರಲ್ಲಿ, 3.13ರ ಜೊತೆ.

ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಈ ಲೆಕ್ಕದ ತಿರುಳು ಹೇಳಿಟ್ಟಿದ್ದಾರೆ. ಹತ್ತು ನಿಮಿಷದ ಕೆಲಸ ಇದೆ ಅನ್ನಿ. ಅದರಲ್ಲಿ ಒಂದು ನಿಮಿಷದ್ದು ಹಂಚಲು ಆಗುವುದೇ ಇಲ್ಲ. ಎರಡು ಪ್ರೊಸೆಸರ್ ಹಾಕಿದರೆ ಐದೂವರೆ ನಿಮಿಷ. ನಾಲ್ಕು ಹಾಕಿದರೆ ಮೂರೂಕಾಲು. ಒಂಬತ್ತು ಹಾಕಿದರೆ ಎರಡು. ಸಾವಿರ ಹಾಕಿದರೂ ಒಂದು ನಿಮಿಷಕ್ಕಿಂತ ಕೆಳಗೆ ಬರುವುದಿಲ್ಲ. ದುಡ್ಡು ಮಾತ್ರ ಸಾವಿರದ್ದೇ.

ಇಷ್ಟು ಸಾಕು. ಪ್ರಶ್ನೆ ಇದ್ದರೆ ಕೇಳಿ.

ಮುಂದಿನ ಸಾಲಿನ ಒಬ್ಬರು ಅಕ್ಕ ಕೇಳಿದರು: ಪುಣೆಯಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನವರು ಪರಮ್ ಸೂಪರ್ ಕಂಪ್ಯೂಟರ್ ಮಾಡಿದ್ದರಲ್ಲ, ಅದೂ ಇದೂ ಒಂದೇನಾ?

ಒಳ್ಳೆಯ ಪ್ರಶ್ನೆ. ವಿಜಯ್ ಭಟ್ಕರ್ ಅವರ ತಂಡ 1991ರಲ್ಲಿ ಪರಮ್ 8000 ಹೊರತಂದಾಗ ಲಿನಕ್ಸ್ ಇನ್ನೂ ತೊಟ್ಟಿಲಲ್ಲಿತ್ತು. ಅದರಲ್ಲಿ ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪುಗಳು. ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ಬೇಕಾದದ್ದನ್ನು ಒಂದಕ್ಕೊಂದು ಹೇಳಿ ಕಳಿಸುತ್ತವೆ. ನಾನು ಹೇಳಿದ್ದು ಒಂದೇ ಅಡುಗೆ ಮನೆಯ ಇಬ್ಬರು ಭಟ್ರ ಕಥೆ. ಪರಮ್ ಅಂದರೆ ಅರವತ್ತನಾಲ್ಕು ಹೋಟೆಲುಗಳು ಫೋನಿನಲ್ಲಿ ಮಾತಾಡಿಕೊಂಡು ಒಂದೇ ಮದುವೆಗೆ ಅಡುಗೆ ಮಾಡಿದ ಹಾಗೆ. ಉಗ್ರಾಣದ ಜಗಳ ಇಲ್ಲ. ಫೋನಿನ ಖರ್ಚು ಇದೆ.

ಒಬ್ಬ ಹುಡುಗ ಕೇಳಿದ: ಸರ್, ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕೋರ್ ನೂರಕ್ಕೆ ನೂರು, ಉಳಿದ ಮೂರು ಸುಮ್ಮನೆ ಇರುತ್ತವೆ. ಕೆಟ್ಟಿದೆಯಾ?

ಏನೂ ಕೆಟ್ಟಿಲ್ಲ. ನಿನ್ನ ಪ್ರೋಗ್ರಾಂ ಒಂಟಿ. ಆ ಕೆಲಸವನ್ನು ನಾಲ್ಕು ತುಂಡು ಮಾಡಿ ನಾಲ್ಕು ಸಲ ಓಡಿಸಲು ಆಗುತ್ತದಾ ನೋಡು. ಆಗದಿದ್ದರೆ, ಉಳಿದ ಮೂರು ಖಾಲಿ ಇರುವುದರಿಂದಲೇ ನಿನ್ನ ಮೌಸ್ ಸಿಕ್ಕಿಹಾಕಿಕೊಳ್ಳುತ್ತಿಲ್ಲ ಅಂತ ತಿಳಿದುಕೋ.

ಕೊನೆಗೆ, ಬಾಗಿಲ ಹತ್ತಿರ ನಿಂತಿದ್ದ ಹಿರಿಯರೊಬ್ಬರು. ಅವರಿಗೆ ಕಂಪ್ಯೂಟರ್ ಬೇಡವೇ ಬೇಡ. "ಅದಿರಲಿ ಮಾರಾಯ್ರೆ, ನಿಮ್ಮ ಮಾವ ಎರಡನೇ ಕಾವಲಿ ಹಾಕಿದ ಮೇಲೆ ವ್ಯಾಪಾರ ಏನಾಯ್ತು?"

ಉಗ್ರಾಣಕ್ಕೆ ಇನ್ನೊಂದು ಬೀಗದ ಕೈ ಮಾಡಿಸಿದರು. ದೋಸೆ ಬೇಗ ಬೇಗ ಬಂತು. ಆಮೇಲೆ ಜನ ಚಟ್ನಿಗೆ ಕಾದರು. ರುಬ್ಬುವ ಕಲ್ಲು ಒಂದೇ ಇತ್ತು.